ಸೀಸೆಯೊಳಗಿನ ಎಳೆ, ಧಕ್ಕೆಯ ಹಗ್ಗ

ಜುಲೈ ತಿಂಗಳ ಒಂದು ಭಾನುವಾರ ಸಂಜೆ ಉಡುಪಿಯಲ್ಲಿ, ರಥಬೀದಿಗೆ ಹತ್ತಿರದ ಸಣ್ಣ ಸಭಾಂಗಣವೊಂದರಲ್ಲಿ ಆಡಿದ ಮಾತಿನ ಬರಹ ರೂಪ ಇದು. ತಗಡಿನ ಮಾಡಿನ ಮೇಲೆ ಮಳೆ ಬಾರಿಸುತ್ತಿದ್ದುದರಿಂದ ಹೇಳಿದ್ದನ್ನೇ ಎರಡೆರಡು ಸಲ ಹೇಳಬೇಕಾಗಿತ್ತು. ಬರೆಯುವಾಗ ಅದನ್ನೆಲ್ಲ ಕಳೆದಿದ್ದೇನೆ. ಸಭೆಯಿಂದ ಬಂದ ಪ್ರಶ್ನೆಗಳನ್ನು ಮಾತ್ರ ಬಂದಲ್ಲೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದದ್ದು ನೋಡಿ ನನಗೆ ಸ್ವಲ್ಪ ಗಾಬರಿಯೇ ಆಯಿತು. ಕರಪತ್ರದಲ್ಲಿ ‘ಮನುಷ್ಯನ ಮಿದುಳಿನ ಪ್ರೋಟೀನು’ ಅಂತ ಅಚ್ಚಾಗಿದೆ. ನೆನಪಿನ ಶಕ್ತಿ ಹೆಚ್ಚಿಸುವ ಪುಡಿ ಏನೋ ಇರಬೇಕು ಅಂದುಕೊಂಡು ಯಾರಾದರೂ ಬಂದಿದ್ದರೆ ಈಗಲೇ ಹೇಳಿಬಿಡುತ್ತೇನೆ, ಅಂಥದ್ದೇನೂ ಇಲ್ಲ.

ಇರುವುದು ಈ ಪ್ಲಾಸ್ಟಿಕ್ ಸೀಸೆ. ಕಿರುಬೆರಳಿನಷ್ಟೂ ಉದ್ದ ಇಲ್ಲ, ಮತ್ತು ಖಾಲಿ. ಒಳಗಿದ್ದದ್ದನ್ನು ಮೈನಸ್ 80 ಡಿಗ್ರಿಯಲ್ಲಿ ಇಡಬೇಕು, ಸಿಟಿ ಬಸ್ಸಿನಲ್ಲಿ ಜೇಬಿಗೆ ಹಾಕಿಕೊಂಡು ಬರುವ ವಸ್ತು ಅಲ್ಲ ಅದು. ಲೇಬಲ್ಲಿನಲ್ಲಿ ಬರೆದದ್ದು ಇಷ್ಟು: ಹ್ಯೂಮನ್ ವ್ಯಾಂಪ್-2, ರಿಕಾಂಬಿನೆಂಟ್, ಇ. ಕೊಲೈ, 50 ಮೈಕ್ರೊಗ್ರಾಂ. ಕೆಳಗೆ ಸಣ್ಣಕ್ಷರದಲ್ಲಿ, ‘ಸಂಶೋಧನೆಗೆ ಮಾತ್ರ’. 50 ಮೈಕ್ರೊಗ್ರಾಂ ಅಂದರೆ ಪುಡಿಯುಪ್ಪಿನ ಒಂದು ಹರಳಿನ ತೂಕದ ಆಸುಪಾಸು. ಅಷ್ಟೇ ತೂಕದ ಬಂಗಾರಕ್ಕೆ ಒಂದು ರೂಪಾಯಿ ಕೂಡ ಆಗುವುದಿಲ್ಲ. ಇದಕ್ಕೆ ಎಷ್ಟು ಅಂತ ಕೇಳಬೇಡಿ, ಬಿಲ್ಲು ಪಾಸು ಮಾಡಿಸುವಾಗ ಗುಮಾಸ್ತರ ಮುಖ ನೋಡಿದ್ದೇನೆ.

ಇಷ್ಟು ದುಬಾರಿಯ ಈ ಉಪ್ಪಿನ ಹರಳು ಏನು ಮಾಡುತ್ತದೆ? ಅದನ್ನು ಹೇಳಲು ನಾನು ಮಲ್ಪೆಗೆ ಹೋಗಬೇಕು.

ಈಗ ಮೀನುಗಾರಿಕೆ ನಿಷೇಧದ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ನಿಮ್ಮ ಒಂದು ನರಕೋಶದ ತುದಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುವುದೂ ಹೆಚ್ಚುಕಡಿಮೆ ಇದೇ ಚಿತ್ರ. ಗುಂಡಗಿನ ಪುಟ್ಟ ಚೀಲಗಳು ಒತ್ತೊತ್ತಾಗಿ ತುಂಬಿಕೊಂಡಿರುತ್ತವೆ. ವೆಸಿಕಲ್ ಅನ್ನುವುದು ಇವನ್ನೇ. ಒಂದೊಂದರ ಅಡ್ಡಳತೆ ಸುಮಾರು 40 ನ್ಯಾನೊಮೀಟರು, ಒಂದು ಮಿಲಿಮೀಟರಿನ ಗೆರೆಯಲ್ಲಿ 25,000 ಚೀಲ ಸಾಲಾಗಿ ಹಿಡಿಯುತ್ತವೆ. ಒಳಗಿರುವ ಸರಕು ರಾಸಾಯನಿಕ ಸಂದೇಶ: ಗ್ಲುಟಮೇಟ್, ಗ್ಲೈಸೀನ್, ಅಸಿಟೈಲ್‌ಕೋಲೀನ್, ಹೀಗೆ. ಕೆಲವು ಚೀಲಗಳು ಕೋಶದ ಅಂಚಿನ ಪೊರೆಗೆ, ಅಂದರೆ ಬೋಟು ಕಟ್ಟುವ ಕಟ್ಟೆಯಾದ ಧಕ್ಕೆಗೆ, ಬಂದು ತಾಗಿ ನಿಂತಿರುತ್ತವೆ. ವಿದ್ಯುತ್ ಅಲೆ ಬಂತು, ಕ್ಯಾಲ್ಸಿಯಂ ಒಳಗೆ ನುಗ್ಗಿತು ಅನ್ನುವಷ್ಟರಲ್ಲಿ, ಒಂದು ಮಿಲಿಸೆಕೆಂಡೂ ಕಳೆಯುವ ಮೊದಲು, ಚೀಲದ ಪೊರೆಯೂ ಧಕ್ಕೆಯ ಪೊರೆಯೂ ಒಂದಾಗಿ ಸರಕು ಆಚೆ ಸುರಿದುಹೋಗುತ್ತದೆ. ಪಕ್ಕದ ನರಕೋಶಕ್ಕೆ ಸುದ್ದಿ ಮುಟ್ಟುವುದು ಹಾಗೆ.

ಸರಕು ಹನಿಹನಿಯಾಗಿ ಸೋರುವುದಿಲ್ಲ, ಪೊಟ್ಟಣ ಪೊಟ್ಟಣವಾಗಿಯೇ ಇಳಿಯುತ್ತದೆ ಎಂದು ಬರ್ನಾರ್ಡ್ ಕಾಟ್ಜ್ ಮತ್ತು ಜೊತೆಗಾರರು 1950ರ ದಶಕದಲ್ಲೇ ಕಪ್ಪೆಯ ಸ್ನಾಯುವಿನಲ್ಲಿ ಅಳೆದು ತೋರಿಸಿದ್ದರು. ಕಾಟ್ಜ್‌ಗೆ 1970ರಲ್ಲಿ ನೊಬೆಲ್ ಪಾಲೂ ಬಂತು. ಆದರೆ ಚೀಲ ಪೊರೆಗೆ ಬೆಸೆಯುವುದು ಯಾವುದರ ಬಲದಿಂದ? ಎರಡು ಪೊರೆಗಳೂ ಕೊಬ್ಬಿನವು, ಮೇಲೆ ನೀರಿನ ಪದರ ಬೇರೆ. ಹತ್ತಿರ ತಂದಷ್ಟೂ ದೂರ ತಳ್ಳುತ್ತವೆ. ಅಲೆ ಇರುವಾಗ ಬೋಟನ್ನು ಧಕ್ಕೆಗೆ ತಾಗಿಸುವುದು ಎಷ್ಟು ಕಷ್ಟ ಅಂತ ಇಲ್ಲಿ ಕೂತವರಲ್ಲಿ ಕೆಲವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಅಲ್ಲಿ ಹಗ್ಗ ಬೇಕು. ವ್ಯಾಂಪ್-2 ಆ ಹಗ್ಗದ ಬೋಟಿನ ಕಡೆಯ ಎಳೆ.

ಇದಕ್ಕೆ ಎರಡು ಹೆಸರು ಇರುವುದರ ಹಿಂದೆ ಒಂದು ಮೀನು ಉಂಟು. 1988ರಲ್ಲಿ ಅಮೆರಿಕದ ರಿಚರ್ಡ್ ಶೆಲ್ಲರ್ ತಂಡ ಈ ಬಳಗದ ಮೊದಲ ಪ್ರೋಟೀನನ್ನು ಹುಡುಕಿದ್ದು ಟಾರ್ಪೆಡೊ ಎಂಬ ಮೀನಿನಲ್ಲಿ. ನಮ್ಮ ಮಾರ್ಕೆಟ್ಟಿನಲ್ಲಿ ಚಪ್ಪಟೆಯಾಗಿ ಮಲಗಿರುವ ತೊರಕೆಯ ದೂರದ ನೆಂಟ ಅದು, ಮುಟ್ಟಿದರೆ ಶಾಕ್ ಹೊಡೆಯುವ ಜಾತಿ. ಶಾಕ್ ಕೊಡುವ ಅಂಗದಲ್ಲಿ ನರದ ತುದಿಗಳು ದಟ್ಟವಾಗಿರುವುದರಿಂದ ಅದು ಆ ಕಾಲದ ನರವಿಜ್ಞಾನಿಗಳ ಗಣಿಯಾಗಿತ್ತು. ಅವರು ಇಟ್ಟ ಹೆಸರು ವ್ಯಾಂಪ್. ಮರುವರ್ಷ ಜರ್ಮನಿಯ ರೈನ್‌ಹಾರ್ಡ್ ಯಾನ್ ಬಳಗ ಅದನ್ನೇ ಬೇರೆ ದಾರಿಯಿಂದ ತಲುಪಿ ಸಿನಾಪ್ಟೊಬ್ರೆವಿನ್ ಎಂದು ಕರೆಯಿತು. ಬ್ರೆವಿನ್ ಅಂದರೆ ಕುಳ್ಳ. ನಿಜವಾಗಿಯೂ ಕುಳ್ಳನೇ, ಒಟ್ಟು 116 ಅಮೈನೋ ಆಮ್ಲಗಳ, ಅಂದರೆ ಪ್ರೋಟೀನು ಕಟ್ಟುವ ಮಣಿಗಳ, ಸರ. ಯಾನ್ ತಂಡ 2006ರಲ್ಲಿ ಇಲಿಯ ಮಿದುಳಿನ ಒಂದು ವೆಸಿಕಲ್ಲಿನಲ್ಲಿ ಯಾವ ಪ್ರೋಟೀನು ಎಷ್ಟಿದೆ ಎಂದು ಲೆಕ್ಕ ಹಾಕಿದಾಗ ಅತಿ ಹೆಚ್ಚು ಸಿಕ್ಕಿದ್ದು ಈ ಕುಳ್ಳನೇ, ಚೀಲವೊಂದಕ್ಕೆ ಸುಮಾರು 70. ಆ ಲೆಕ್ಕದಲ್ಲಿ ನನ್ನ ಸೀಸೆಯೊಳಗೆ 36 ಲಕ್ಷ ಕೋಟಿ ಚೀಲಗಳಿಗೆ ಸಾಕಾಗುವಷ್ಟು ಹಗ್ಗ ಇತ್ತು. ಹಾಗೆ ನೋಡಿದರೆ ಬೆಲೆ ಅಗ್ಗವೇ!

ಈಗ ಹುರಿ ಹೊಸೆಯುವ ವಿಷಯ. ಬೋಟಿನಿಂದ ಒಂದು ಎಳೆ, ವ್ಯಾಂಪ್-2. ಧಕ್ಕೆಯಿಂದ ಮೂರು ಎಳೆ: ಸಿಂಟ್ಯಾಕ್ಸಿನ್ ಎಂಬ ಪ್ರೋಟೀನಿನದು ಒಂದು, ಸ್ನ್ಯಾಪ್-25 ಎಂಬುದರದು ಎರಡು. ಇವು ನಾಲ್ಕೂ ಪೊರೆಯಿಂದ ದೂರದ ತುದಿಯಲ್ಲಿ ಮೊದಲು ಸೇರಿ, ಅಲ್ಲಿಂದ ಪೊರೆಯ ಕಡೆಗೆ ಒಂದರ ಸುತ್ತ ಒಂದು ಸುತ್ತಿಕೊಳ್ಳುತ್ತ ಬರುತ್ತವೆ. ಸುತ್ತಿದಷ್ಟೂ ಬೋಟು ಧಕ್ಕೆಗೆ ಹತ್ತಿರ. ಪೂರ್ತಿ ಹೊಸೆದಾಗ ಎರಡು ಪೊರೆಗಳಿಗೂ ಒಂದಾಗದೆ ಬೇರೆ ದಾರಿ ಇರುವುದಿಲ್ಲ. ಈ ನಾಲ್ಕೆಳೆಯ ಹುರಿಯ ಹೆಸರು ಸ್ನೇರ್ ಸಂಕೀರ್ಣ. 1998ರಲ್ಲಿ ಅದರ ಹರಳು ಕಟ್ಟಿಸಿ ಎಕ್ಸ್-ರೇ ಹಾಯಿಸಿ ನೋಡಿದಾಗ ಕಂಡ ಆಕಾರ ನಮ್ಮ ತೆಂಗಿನ ನಾರಿನ ಹಗ್ಗವನ್ನು ಬಿಡಿಸಿ ನೋಡಿದವರಿಗೆ ಹೊಸದಲ್ಲ. ಇಡೀ ವ್ಯವಸ್ಥೆಯನ್ನು ಬಿಡಿಸಿದ ಜೇಮ್ಸ್ ರಾತ್‌ಮನ್, ರ್‍ಯಾಂಡಿ ಶೆಕ್‌ಮನ್, ಥಾಮಸ್ ಸುಡೊಫ್ ಈ ಮೂವರಿಗೆ 2013ರ ನೊಬೆಲ್ ಬಂತು.

ಮುಂದಿನ ಸಾಲಿನಿಂದ ಒಬ್ಬಳು ಪಿಯುಸಿ ಹುಡುಗಿ ಕೇಳಿದಳು: “ಸರ್, ಮನುಷ್ಯರದ್ದು ಅಂತೀರಿ, ಇ. ಕೊಲೈ ಅಂತಲೂ ಅಂತೀರಿ. ಎರಡೂ ಹೇಗೆ?”

ರಿಕಾಂಬಿನೆಂಟ್ ಅಂದರೆ ಅದೇ. 1993ರಲ್ಲಿ ರಾತ್‌ಮನ್ ತಂಡ ಈ ಪ್ರೋಟೀನುಗಳನ್ನು ಬೇರ್ಪಡಿಸಿದ್ದು ದನದ ಮಿದುಳಿನಿಂದ. ಮಿದುಳನ್ನು ಅರೆದರೆ ಸಾವಿರಾರು ಪ್ರೋಟೀನುಗಳ ಗಂಜಿ ಸಿಗುತ್ತದೆ. ನಮಗೆ ಬೇಕಾದದ್ದು ಒಂದೇ ಒಂದು, ಅದೂ ಪ್ರತಿ ಸಲ ಒಂದೇ ಥರದ್ದು. ಅದಕ್ಕಾಗಿ ಮನುಷ್ಯನ ವ್ಯಾಂಪ್-2 ಜೀನಿನ ಅಕ್ಷರಗಳನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆಗೆ ಜೋಡಿಸಿ ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಹೊಟ್ಟೆಗೆ ಹಾಕುತ್ತೇವೆ. ಮಧುಮೇಹದವರು ಚುಚ್ಚಿಕೊಳ್ಳುವ ಮಾನವ ಇನ್ಸುಲಿನ್ 1982ರಲ್ಲಿ ಮಾರುಕಟ್ಟೆಗೆ ಬಂದದ್ದೂ ಇದೇ ಇ. ಕೊಲೈ ಅಡುಗೆಮನೆಯಿಂದ. ಯಾವ ಮನುಷ್ಯನ ಮಿದುಳನ್ನೂ ಯಾರೂ ಮುಟ್ಟಿಲ್ಲ, ಹೆದರಬೇಡ.

ಆ ಅಡುಗೆಮನೆಯನ್ನು ಸ್ವಲ್ಪ ತೋರಿಸುತ್ತೇನೆ. ದೊಡ್ಡ ಗಾಜಿನ ಫ್ಲಾಸ್ಕು, ಒಳಗೆ ಜೇನಿನ ಬಣ್ಣದ ಪೋಷಕ ದ್ರಾವಣ, 37 ಡಿಗ್ರಿ ಬಿಸಿ. ಯಂತ್ರ ಅದನ್ನು ತೊಟ್ಟಿಲಿನ ಹಾಗೆ ತೂಗುತ್ತಿರುತ್ತದೆ. ಬ್ಯಾಕ್ಟೀರಿಯಾ ಬೆಳೆದು ದ್ರಾವಣ ಮಬ್ಬಾದಾಗ ಐಪಿಟಿಜಿ ಎಂಬ ರಾಸಾಯನಿಕ ಒಂದಿಷ್ಟು ಹಾಕುತ್ತೇವೆ. ಜೀನಿನ ಬಾಗಿಲಿನ ಚಿಲಕ ತೆಗೆಯುವುದು ಅದು. ಮೂರು ನಾಲ್ಕು ಗಂಟೆಯಲ್ಲಿ ಬ್ಯಾಕ್ಟೀರಿಯಾ ತನ್ನ ಕೆಲಸ ಬಿಟ್ಟು ನಮ್ಮ ವ್ಯಾಂಪನ್ನೇ ತಯಾರಿಸುತ್ತ ಕೂರುತ್ತದೆ. ಮುಚ್ಚಳ ತೆಗೆದರೆ ಒಂದು ವಾಸನೆ ಬರುತ್ತದೆ, ಮೂಗು ಮುಚ್ಚಿಕೊಳ್ಳುವಂಥದ್ದು. ಅದರಲ್ಲಿ ದೊಡ್ಡ ಪಾಲು ಇಂಡೋಲ್ ಎಂಬ ವಸ್ತುವಿನದು. ತಮಾಷೆ ಏನೆಂದರೆ ಮಲ್ಲಿಗೆಯ ಪರಿಮಳದಲ್ಲೂ ಇಂಡೋಲ್ ಇದೆ. ಅತಿ ಕಡಿಮೆ ಇದ್ದಾಗ ಹೂವು, ಹೆಚ್ಚಾದರೆ ಹೇಸಿಗೆ. ಶಂಕರಪುರದ ಮಲ್ಲಿಗೆ ಮುಡಿದು ಬಂದಿರುವ ಅಕ್ಕಂದಿರು ದಯವಿಟ್ಟು ನನ್ನ ಮೇಲೆ ಸಿಟ್ಟಾಗಬಾರದು.

ಆಮೇಲಿನದು ಸೋಸುವ ಕೆಲಸ. ಬ್ಯಾಕ್ಟೀರಿಯಾಗಳನ್ನು ಮಂಜುಗಡ್ಡೆಯ ಮೇಲಿಟ್ಟು ಶಬ್ದದಲೆಯಿಂದ ಒಡೆಯಬೇಕು. ನಮ್ಮ ಪ್ರೋಟೀನಿಗೆ ಮೊದಲೇ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಆರನ್ನು ಸೇರಿಸಿ ಒಂದು ಬಾಲ ಕಟ್ಟಿರುತ್ತೇವೆ. ಅದು ನಿಕ್ಕೆಲ್ಲಿಗೆ ಅಂಟುತ್ತದೆ. ತಿಳಿನೀಲಿ ಬಣ್ಣದ ನಿಕ್ಕೆಲ್ ಮಣಿಗಳ ಮೇಲೆ ಗಂಜಿ ಹಾಯಿಸಿದರೆ ಬಾಲ ಇದ್ದದ್ದು ಉಳಿಯುತ್ತದೆ, ಉಳಿದದ್ದು ಬಹುಪಾಲು ಹರಿದುಹೋಗುತ್ತದೆ. ಇನ್ನೊಂದು ಮಾತು: ಸೀಸೆಯಲ್ಲಿ ಮಾರುವುದು ಹೆಚ್ಚಾಗಿ 116ರ ಪೂರ್ತಿ ಸರವನ್ನಲ್ಲ, ಮೊದಲ 90ರ ಆಸುಪಾಸು ಮಾತ್ರ. ಕೊನೆಯ ತುಂಡು ಪೊರೆಯ ಕೊಬ್ಬಿನೊಳಗೆ ಹುದುಗಿರುವಂಥದ್ದು, ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ನಾವು ಕೊಳ್ಳುವುದು ಬೋಟಿಲ್ಲದ ಹಗ್ಗ. ಬೋಟೂ ಬೇಕೆಂದರೆ ಆ ಕೊನೆಯ ತುಂಡಿನ ಸಮೇತ ಮಾಡಿ, ಡಿಟರ್ಜೆಂಟಿನಲ್ಲಿ ಹಿಡಿದಿಟ್ಟು, ಕೃತಕ ಕೊಬ್ಬಿನ ಗುಳ್ಳೆಗಳಿಗೆ ಕೂರಿಸಬೇಕು. 1998ರಲ್ಲಿ ರಾತ್‌ಮನ್ ತಂಡ ಹಾಗೆ ಮಾಡಿಯೇ, ಈ ಕೆಲವೇ ಪ್ರೋಟೀನುಗಳಿದ್ದರೂ ಗುಳ್ಳೆಗಳು ತಾವಾಗಿ ಬೆಸೆಯುತ್ತವೆ ಎಂದು ತೋರಿಸಿತು. ಬಹಳ ನಿಧಾನವಾಗಿ, ಆದರೆ ಬೆಸೆಯುತ್ತವೆ.

ಈಗ ಇಲ್ಲಿ ವಿಜ್ಞಾನದ ಮಕ್ಕಳು ಇದ್ದಾರಲ್ಲ, ಅವರಿಗೆ ಒಂದು ವಿಷಯ. ಲೇಬಲ್ಲಿನ ಜೊತೆ ಬರುವ ಹಾಳೆಯಲ್ಲಿ ‘ಶುದ್ಧತೆ ಶೇ. 90ಕ್ಕಿಂತ ಹೆಚ್ಚು’ ಅಂತ ಇರುತ್ತದೆ. ಶುದ್ಧ ಅಂದರೆ ಕೆಲಸಕ್ಕೆ ಬರುತ್ತದೆ ಅಂತ ಅರ್ಥ ಅಲ್ಲ. ಒಂಟಿಯಾಗಿರುವಾಗ ವ್ಯಾಂಪ್-2ಗೆ ಆಕಾರವೇ ಇಲ್ಲ, ನೀರಿನಲ್ಲಿ ಬಿಟ್ಟ ಬಾಳೆನಾರಿನ ಹಾಗೆ ತೇಲಾಡುತ್ತಿರುತ್ತದೆ. ಆಕಾರ ಬರುವುದು ಉಳಿದ ಮೂರು ಎಳೆ ಸಿಕ್ಕಾಗ. ಹಾಗಾದರೆ ಅದು ಸರಿ ಇದೆಯೇ ಅಂತ ನೋಡುವುದು ಹೇಗೆ? ಹೊಸೆದು ನೋಡಬೇಕು.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಹಿಂದೆ ನಾನಿದ್ದ ಒಂದು ಕಡೆ, ಎಲ್ಲಿ ಅಂತ ಬೇಡ, ಜೂನ್ ತಿಂಗಳ ಗಾಳಿಮಳೆಗೆ ರಾತ್ರಿ ಕರೆಂಟು ಹೋಯಿತು. ಜನರೇಟರಿಗೆ ಡೀಸೆಲ್ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಫ್ರೀಜರಿನ ಬಾಗಿಲಲ್ಲಿ ನೀರು ಇಳಿಯುತ್ತಿದೆ. ಸೀಸೆಗಳನ್ನೆಲ್ಲ ಮತ್ತೆ ಹೆಪ್ಪುಗಟ್ಟಿಸಿ, ಜೆಲ್ ಓಡಿಸಿ ನೋಡಿದೆ. ಜೆಲ್ ಅಂದರೆ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಸಾಲಾಗಿ ನಿಲ್ಲಿಸುವ ಪರೀಕ್ಷೆ, ನೀಲಿ ಬಣ್ಣ ಹಾಕಿದರೆ ಗೆರೆ ಗೆರೆಯಾಗಿ ಕಾಣುತ್ತದೆ. ಎಲ್ಲ ಗೆರೆಗಳೂ ಇದ್ದಲ್ಲೇ ಇದ್ದವು, ಬದುಕಿದೆ ಅಂದುಕೊಂಡೆ. ಆಮೇಲೆ ಎಷ್ಟು ಸಲ ಬೆರೆಸಿದರೂ ಹುರಿ ಬೀಳಲೊಲ್ಲದು. ವ್ಯಾಂಪೇ ಹಾಳಾಗಿದೆ ಅಂತ ಒಂದು ವಾರ ಅದನ್ನು ಬಯ್ದೆ, ಹೊಸದಕ್ಕೆ ಆರ್ಡರ್ ಹಾಕಲೂ ಹೊರಟೆ. ಕೊನೆಗೆ ನೋಡಿದರೆ ತಪ್ಪು ಜೊತೆಗಾರನದು. ಸ್ನ್ಯಾಪ್-25ರಲ್ಲಿ ಗಂಧಕ ಇರುವ ಸಿಸ್ಟೀನ್ ಎಂಬ ಅಮೈನೋ ಆಮ್ಲಗಳು ನಾಲ್ಕಿವೆ. ಗಾಳಿ ತಾಗಿ ಅವು ಪರಸ್ಪರ ಅಂಟಿಕೊಂಡು ಎಳೆ ಗಂಟಾಗಿತ್ತು. ಜೆಲ್ಲಿಗೆ ಹಾಕುವ ದ್ರಾವಣದಲ್ಲಿ ಆ ಗಂಟನ್ನು ಬಿಡಿಸುವ ವಸ್ತು ಇರುವುದರಿಂದ ಜೆಲ್ಲಿನಲ್ಲಿ ಮಾತ್ರ ಎಲ್ಲ ಸರಿ ಕಂಡಿತ್ತು! ವ್ಯಾಂಪಿನ ಕ್ಷಮೆ ಕೇಳಿದೆ.

ಹುರಿ ಬಿದ್ದದ್ದು ಗೊತ್ತಾಗುವ ಬಗೆಯೂ ಚೆಂದ. ಜೆಲ್ಲಿಗೆ ಹಾಕುವ ಮೊದಲು ಪ್ರೋಟೀನನ್ನು ಎಸ್‌ಡಿಎಸ್ ಎಂಬ ಸಾಬೂನಿನಂಥ ವಸ್ತುವಿನಲ್ಲಿ ಬೆರೆಸುತ್ತೇವೆ, ಎಂಥ ಪ್ರೋಟೀನೂ ಬಿಚ್ಚಿಕೊಳ್ಳುತ್ತದೆ. ಈ ಹುರಿ ಬಿಚ್ಚಿಕೊಳ್ಳುವುದಿಲ್ಲ. ಕುದಿಸಿದರೆ ಮಾತ್ರ ಬಿಚ್ಚುತ್ತದೆ. ಅದಕ್ಕೇ ಒಂದೇ ಮಾದರಿಯನ್ನು ಎರಡು ಪಾಲು ಮಾಡಿ, ಒಂದನ್ನು ಕುದಿಸಿ, ಒಂದನ್ನು ಹಾಗೇ ಅಕ್ಕಪಕ್ಕ ಓಡಿಸಬೇಕು. ಕುದಿಸದ ಸಾಲಿನಲ್ಲಿ ಮೇಲೆ ಒಂದು ದಪ್ಪ ಗೆರೆ. ಕುದಿಸಿದ ಸಾಲಿನಲ್ಲಿ ಅದು ಮಾಯ, ಕೆಳಗೆ ಬಿಡಿಬಿಡಿಯಾಗಿ ಎಳೆಗಳು. ಮೊದಲ ಸಲ ಇದನ್ನು ಕಂಡ ದಿನ ನಾನು ಜೆಲ್ಲನ್ನು ಬಲ್ಬಿಗೆ ಹಿಡಿದು ಎಷ್ಟೋ ಹೊತ್ತು ನೋಡಿದ್ದೆ.

ಈಗ ಈ ಮಾತಿನ ಮುಖ್ಯ ಭಾಗ, ಧನುರ್ವಾಯು. ನನ್ನ ಅಜ್ಜಿಯ ಕಾಲದಲ್ಲಿ ಈ ಹೆಸರು ಕೇಳಿದರೆ ಮನೆಯಲ್ಲಿ ಮಾತು ನಿಲ್ಲುತ್ತಿತ್ತಂತೆ. ಕಾಲಿಗೆ ಮೊಳೆ ಹೊಕ್ಕಿತು, ಮಣ್ಣು ಸೇರಿತು, ವಾರ ಕಳೆಯಿತು, ದವಡೆ ಕಚ್ಚಿಕೊಂಡಿತು, ಬೆನ್ನು ಬಿಲ್ಲಿನಂತೆ ಬಾಗಿತು. ತುಕ್ಕಿನ ತಪ್ಪು ಇಲ್ಲಿ ಇಲ್ಲ, ತಪ್ಪು ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದ್ದು. ಗಾಳಿಯಾಡದ ಆಳದ ಗಾಯದಲ್ಲಿ ಅದು ಬೆಳೆದು ವಿಷ ಉಗುಳುತ್ತದೆ. ಆ ವಿಷ ದೇಹದಲ್ಲಿ ಮಾಡುವುದೇನು ಎಂಬುದು ತಿಳಿದದ್ದು 1992ರಲ್ಲಿ, ಇಟಲಿಯ ಪಡುವಾದಲ್ಲಿ ಸಿಸೇರ್ ಮೊಂಟೆಕುಕೊ ತಂಡದಿಂದ. ಆ ವಿಷ ಸತುವನ್ನು ಹಿಡಿದುಕೊಂಡಿರುವ ಒಂದು ಕತ್ತರಿ. ಕತ್ತರಿಸುವುದು ಒಂದೇ ವಸ್ತುವನ್ನು, ವ್ಯಾಂಪನ್ನು. ಅದೂ ಒಂದೇ ಜಾಗದಲ್ಲಿ, 76 ಮತ್ತು 77ನೆಯ ಅಮೈನೋ ಆಮ್ಲಗಳ ನಡುವೆ. ಇಡೀ ಮನುಷ್ಯನನ್ನು ಬಿಲ್ಲಿನಂತೆ ಬಗ್ಗಿಸುವುದು ಆ ಒಂದು ತುಂಡಾದ ಕೊಂಡಿ.

ಇದಕ್ಕಿಂತ ಆಶ್ಚರ್ಯ ಇನ್ನೊಂದಿದೆ. ಕೆಟ್ಟ ಆಹಾರದಿಂದ ಬರುವ ಬೊಟುಲಿಸಂ ಕೇಳಿರಬಹುದು. ಅದರ ವಿಷಗಳಲ್ಲಿ ‘ಬಿ’ ಎಂಬ ಬಗೆ ಕತ್ತರಿಸುವುದೂ ಅದೇ ವ್ಯಾಂಪನ್ನು, ಅದೇ 76-77ರ ನಡುವೆ. ಒಂದೇ ಹಗ್ಗ, ಒಂದೇ ಜಾಗ. ಆದರೆ ಬೊಟುಲಿಸಂ ಆದವನ ಮೈ ಸೆಟೆಯುವುದಿಲ್ಲ, ಒದ್ದೆ ಬಟ್ಟೆಯಂತೆ ಜೋಲುತ್ತದೆ. ಯಾಕೆ? ವ್ಯತ್ಯಾಸ ಯಾವ ಬಂದರಿನ ಹಗ್ಗ ಕಡಿಯಿತು ಎಂಬುದರಲ್ಲಿ. ಬೊಟುಲಿನಂ ವಿಷ ಸ್ನಾಯುವಿಗೆ ತಾಗಿರುವ ನರದ ತುದಿಯಲ್ಲೇ ಉಳಿದು ಅಲ್ಲಿನ ಬೋಟುಗಳನ್ನು ನಿಲ್ಲಿಸುತ್ತದೆ. ಆಗ ಸ್ನಾಯುವಿಗೆ ‘ಬಿಗಿ’ ಎಂಬ ಆಜ್ಞೆ ಮುಟ್ಟುವುದಿಲ್ಲ. ಧನುರ್ವಾಯುವಿನ ವಿಷ ಅಲ್ಲಿ ನಿಲ್ಲದೆ, ನರದೊಳಗೇ ಹಿಮ್ಮುಖವಾಗಿ ಬೆನ್ನುಹುರಿಯವರೆಗೆ ಹತ್ತಿ ಹೋಗುತ್ತದೆ. ಅಲ್ಲಿ ಅದು ನುಗ್ಗುವುದು ‘ಸಾಕು, ಸಡಿಲ ಬಿಡು’ ಎಂದು ಹೇಳುವ ನರಕೋಶಗಳಿಗೆ. ಬ್ರೇಕಿನ ತಂತಿಯೇ ಕಡಿದ ಮೇಲೆ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿಯುತ್ತವೆ. ಬೆನ್ನಿನ ಸ್ನಾಯುಗಳು ಹೆಚ್ಚು ಬಲದವಾದ್ದರಿಂದ ದೇಹ ಹಿಂದಕ್ಕೆ ಬಾಗುತ್ತದೆ. ಚರ್ಮದ ಸುಕ್ಕಿಗೆ ಚುಚ್ಚಿಸಿಕೊಳ್ಳುವ ಬೊಟಾಕ್ಸ್ ‘ಎ’ ಬಗೆಯದು, ಅದು ಕಡಿಯುವುದು ಸ್ನ್ಯಾಪ್-25ನ್ನು. ಅದಿರಲಿ.

ಸೀಸೆಯ ವ್ಯಾಂಪ್ ಇಲ್ಲಿ ಕೆಲಸಕ್ಕೆ ಬರುತ್ತದೆ. ವಿಷದ ಕತ್ತರಿ ಭಾಗ ಮಾತ್ರ ತೆಗೆದುಕೊಂಡು ವ್ಯಾಂಪಿನ ಜೊತೆ ಕೊಳವೆಯಲ್ಲಿ ಬಿಟ್ಟರೆ, ಜೆಲ್ಲಿನಲ್ಲಿ ಒಂದು ಗೆರೆ ಇದ್ದಲ್ಲಿ ಎರಡು ಚಿಕ್ಕವು ಕಾಣುತ್ತವೆ. ಇದೇ ಬಳಗದ, ಇಲಿಯ ವ್ಯಾಂಪ್-1 ಎಂಬ ಪ್ರೋಟೀನಿನಲ್ಲಿ ಆ 76ನೆಯ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬೇರೆ, ಅದನ್ನು ಈ ಕತ್ತರಿ ಕಡಿಯುವುದಿಲ್ಲ. ಇನ್ನೊಂದು: ಮೊದಲೇ ಹುರಿ ಹೊಸೆದು ಆಮೇಲೆ ವಿಷ ಹಾಕಿದರೆ ಏನೂ ಆಗುವುದಿಲ್ಲ. ಹೊಸೆದ ಹಗ್ಗದೊಳಗೆ ಕತ್ತರಿ ತೂರುವುದಿಲ್ಲ, ಬಿಡಿ ಎಳೆ ಸಿಕ್ಕರೆ ಮಾತ್ರ ಅದರ ಆಟ. ಇವನ್ನೆಲ್ಲ ಬದುಕಿರುವ ಮಿದುಳಿನಲ್ಲಿ ಬಿಡಿಸಿ ನೋಡಲು ಸಾಧ್ಯವಿರಲಿಲ್ಲ. ಬೊಟುಲಿನಂ ಔಷಧಿಯ ಬಲ ಅಳೆಯಲು ಮೊದಲು ಇಲಿಗಳನ್ನು ಕೊಲ್ಲುತ್ತಿದ್ದರು. ಎಷ್ಟು ಪ್ರಮಾಣಕ್ಕೆ ಅರ್ಧ ಇಲಿಗಳು ಸಾಯುತ್ತವೆ ಎಂಬುದೇ ಅಳತೆ. ಕಡಿದ ಎಳೆಯನ್ನೇ ನೇರ ಎಣಿಸುವ ವಿಧಾನಗಳು ಬಂದ ಮೇಲೆ ಆ ಲೆಕ್ಕ ಬದಲಾಗತೊಡಗಿದೆ. ನನಗೆ ಈ ಸೀಸೆಯ ಮೇಲೆ ಪ್ರೀತಿ ಇರುವುದಕ್ಕೆ ಇದೂ ಒಂದು ಕಾರಣ.

ಮಧ್ಯದಲ್ಲಿ ಆಶಾ ಕಾರ್ಯಕರ್ತೆಯೊಬ್ಬರು ಎದ್ದರು. “ಹಾಗಾದ್ರೆ ನಾವು ಟಿ.ಟಿ. ಹಾಕ್ಸಿ ಅಂತ ಮನೆ ಮನೆಗೆ ಹೇಳ್ತಾ ಇದ್ದೆವಲ್ಲ, ಅದು ತುಂಡಾದ ಹಗ್ಗವನ್ನು ಜೋಡಿಸ್ತದಾ?”

ಇಲ್ಲ ಅಕ್ಕ, ಜೋಡಿಸುವುದಿಲ್ಲ. ಲಸಿಕೆ ತಯಾರು ಮಾಡುವುದು ಕಾವಲುಗಾರರನ್ನು. ವಿಷ ರಕ್ತದಲ್ಲಿ ಇರುವಾಗಲೇ, ನರದೊಳಗೆ ನುಗ್ಗುವ ಮೊದಲು ಹಿಡಿಯುವುದು ಅವರ ಕೆಲಸ. ಒಮ್ಮೆ ಒಳಹೊಕ್ಕ ವಿಷ ಅವರ ಕೈಗೆ ಸಿಗುವುದಿಲ್ಲ. ಕಡಿದ ವ್ಯಾಂಪ್ ಮತ್ತೆ ಕೂಡುವುದೂ ಇಲ್ಲ. ನರಕೋಶ ಹೊಸ ಎಳೆಗಳನ್ನು ಮಾಡಿಕೊಳ್ಳಬೇಕು, ಅದಕ್ಕೆ ವಾರಗಟ್ಟಲೆ ಬೇಕು. ಅಷ್ಟು ದಿನ ರೋಗಿಯನ್ನು ಬದುಕಿಸಿಕೊಳ್ಳುವುದೇ ಆಸ್ಪತ್ರೆಯ ಕೆಲಸ. ನೀವು ಮೊದಲೇ ಹಾಕಿಸುವುದೇ ಸರಿ. ಈಗ ಟಿ.ಟಿ. ಜಾಗಕ್ಕೆ ಟಿಡಿ ಬಂದಿದೆಯಲ್ಲ, ಅದೇ. ಬಾಣಂತಿಯರಿಗೂ ನವಜಾತ ಶಿಶುಗಳಿಗೂ ಬರುವ ಧನುರ್ವಾಯುವನ್ನು ಭಾರತ 2015ರಲ್ಲಿ ನಿವಾರಿಸಿತು ಎಂದರೆ ಅದರಲ್ಲಿ ನಿಮ್ಮಂಥವರ ಚಪ್ಪಲಿ ಸವೆದಿದೆ.

ಮಾತು ಮುಗಿಯಿತು ಅಂದುಕೊಂಡೆ. ಹಿಂದಿನ ಸಾಲಿನಲ್ಲಿ ಅಲ್ಲಿಯವರೆಗೂ ಕಣ್ಣು ಮುಚ್ಚಿ ಕೂತಿದ್ದ ಹಿರಿಯರೊಬ್ಬರು, ಬಹಳ ವರ್ಷ ಮಲ್ಪೆಯಲ್ಲಿ ಬೋಟಿಗೆ ಹೋದವರಂತೆ, ಕೈ ಎತ್ತಿದರು.

“ಮಾರಾಯ್ರೆ, ಬೋಟು ಬಂತು, ಹಗ್ಗ ಹೊಸೆದುಕೊಂಡಿತು, ಮೀನು ಇಳಿಯಿತು. ಸರಿ. ನಾಳೆ ಮತ್ತೆ ಕಡಲಿಗೆ ಹೋಗಬೇಡವಾ? ಕುದಿಸಿದರೆ ಮಾತ್ರ ಬಿಚ್ಚುವ ಹಗ್ಗವನ್ನು ತಲೆಯೊಳಗೆ ಬಿಚ್ಚುವುದು ಯಾರು?”

ಆ ಸಂಜೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬರಲಿಲ್ಲ. ಬಿಚ್ಚುವುದಕ್ಕೆಂದೇ ಎನ್‌ಎಸ್‌ಎಫ್ ಎಂಬ ಇನ್ನೊಂದು ಪ್ರೋಟೀನು ಉಂಟು, ಆರು ತುಂಡುಗಳ ಒಂದು ಉಂಗುರ. ಕೋಶದ ಇಂಧನವಾದ ಎಟಿಪಿಯನ್ನು ಸುಡುತ್ತ ಅದು ಹುರಿಯನ್ನು ಹಿಡಿದು ಬಿಡಿಸಿ, ನಾಲ್ಕೆಳೆಗಳನ್ನೂ ಮರಳಿ ಬಳಕೆಗೆ ಕೊಡುತ್ತದೆ. ಹೊಸೆಯುವುದು ಪುಕ್ಕಟೆ, ಖರ್ಚು ಇರುವುದು ಬಿಚ್ಚುವುದಕ್ಕೆ. 1993ರಲ್ಲಿ ದನದ ಮಿದುಳಿನಿಂದ ರಾತ್‌ಮನ್ ತಂಡ ಈ ಎಳೆಗಳನ್ನು ಹಿಡಿದದ್ದೂ ಬಿಚ್ಚುವ ಈ ಯಂತ್ರವನ್ನೇ ಗಾಳಕ್ಕೆ ಕಟ್ಟಿ.

ಅವರು ತಲೆ ಆಡಿಸಿದರು. “ಹಾಗೆ ಹೇಳಿ. ನಮ್ಮಲ್ಲಿ ಉಪ್ಪುನೀರು ಕುಡಿದ ಹಗ್ಗ ಬಿಗಿದರೆ ಕತ್ತಿಯೇ ಗತಿ.” ಅಷ್ಟು ಹೇಳಿ, ಮಳೆ ಸ್ವಲ್ಪ ಬಿಟ್ಟಿದೆ ಎಂದು ಕೊಡೆ ಹುಡುಕಲು ಎದ್ದರು.